ಜಾಡಿಗೆ ಹೆಸರಿಡುವುದು ಹೇಗೆ? ಚಲನೆಯ ಡೇಟಾಕ್ಕೆ ಮೆಟಾಡೇಟಾ ಪದ್ಧತಿ ಆರಿಸುವಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಸಮುದ್ರದಲ್ಲಿ ತೇಲುವ ಡ್ರಿಫ್ಟರ್, ವಲಸೆ ಹೋಗುವ ಹಕ್ಕಿ, ಹಡಗು, ಹವಾಮಾನದ ಬಲೂನು, ಚಂಡಮಾರುತ. ಇವೆಲ್ಲ ಒಂದು ಕಡೆ ನಿಲ್ಲುವುದಿಲ್ಲ. ಇವುಗಳ ಡೇಟಾ ಜೋಡಿಸಿಡುವವರಿಗೆ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಟ್ರಾಜೆಕ್ಟರಿ ಎಂಬುದಕ್ಕೆ ಜಾಡು ಎಂದೇ ಬಳಸಿದ್ದೇನೆ. ಮೆಟಾಡೇಟಾ ಅಂದರೆ ಡೇಟಾದ ಬಗ್ಗೆ ಹೇಳುವ ವಿವರ. ವೇರಿಯಬಲ್ ಅಂದರೆ ಫೈಲಿನೊಳಗೆ ಒಂದು ಹೆಸರಿನಡಿ ಇಟ್ಟ ಬೆಲೆಗಳ ಸಾಲು. ಆಟ್ರಿಬ್ಯೂಟ್ ಅಂದರೆ ಫೈಲಿಗೋ ವೇರಿಯಬಲ್ಲಿಗೋ ಅಂಟಿಸಿದ ವಿವರದ ಚೀಟಿ. ಆಟ್ರಿಬ್ಯೂಟ್‌ಗಳ ಹೆಸರನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಫೈಲಿನಲ್ಲಿ ಮಾತ್ರ ಅವು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು.

ಜಾಡು ಅಂದರೆ ಇಲ್ಲಿ ಏನರ್ಥ?

ಒಂದು ವಸ್ತು ಸಾಗಿದ ದಾರಿಯಲ್ಲಿ ಸಮಯದ ಕ್ರಮದಲ್ಲಿ ಗುರುತಿಸಿದ ಬಿಂದುಗಳ ಸಾಲು. ಪ್ರತಿ ಬಿಂದುವಿಗೂ ಒಂದು ಜಾಗ, ಒಂದು ಸಮಯ ಇರುತ್ತದೆ. ಜೊತೆಗೆ ಅಲ್ಲಿ ಅಳೆದದ್ದೂ ಇರಬಹುದು: ನೀರಿನ ಬಿಸಿ, ಗಾಳಿಯ ಒತ್ತಡ, ಪ್ರಾಣಿಯ ಎದೆಬಡಿತ. ಹವಾಮಾನ ಮತ್ತು ಸಮುದ್ರ ವಿಜ್ಞಾನದವರು ಬಳಸುವ ಸಿಎಫ್ ಕನ್ವೆನ್ಷನ್ (ಡೇಟಾ ಬರೆದಿಡಲು ಎಲ್ಲರೂ ಒಪ್ಪಿದ ನಿಯಮಗಳ ಕಟ್ಟು) ಇದಕ್ಕೆ ಒಂದು ಷರತ್ತು ಹಾಕುತ್ತದೆ: ಒಂದು ಜಾಡಿನೊಳಗೆ ಸಮಯ ಮುಂದಕ್ಕೇ ಹೋಗಬೇಕು. ಇದು ತುಂಬಾ ಉಪಯೋಗದ ಷರತ್ತು. ಸಮಯ ಹಿಂದಕ್ಕೆ ಜಿಗಿದಿದೆ ಅಂದರೆ ಎರಡು ಜಾಡು ಬೆರೆತಿವೆ, ಅಥವಾ ಸಾಲುಗಳು ಕಲೆಸಿಹೋಗಿವೆ, ಇಲ್ಲವೇ ಗಡಿಯಾರ ಕೆಟ್ಟಿದೆ.

ಫೈಲಿನ ಹೆಸರಿನಲ್ಲೇ ಎಲ್ಲಾ ಇದೆಯಲ್ಲ, ಮತ್ತೆ ಮೆಟಾಡೇಟಾ ಯಾಕೆ?

ಫೈಲಿನ ಹೆಸರು ಬದಲಾಗುತ್ತದೆ. ಡೌನ್‌ಲೋಡ್ ಮಾಡಿದವರು ಅದಕ್ಕೆ ಬೇರೆ ಹೆಸರಿಡುತ್ತಾರೆ. ಹತ್ತು ಫೈಲುಗಳನ್ನು ಸೇರಿಸಿ ಒಂದು ಮಾಡುತ್ತಾರೆ. ಆಗ ಹೆಸರಿನಲ್ಲಿದ್ದ ಮಾಹಿತಿ ಅಲ್ಲೇ ಹೋಯಿತು. ಫೈಲಿನ ಒಳಗಿದ್ದದ್ದು ಮಾತ್ರ ಡೇಟಾದ ಜೊತೆ ಸಾಗುತ್ತದೆ.

ಎಲ್ಲಿಂದ ಶುರು ಮಾಡಲಿ? ಮೊದಲು ಕನ್ವೆನ್ಷನ್ ಆರಿಸಬೇಕು, ಅಲ್ವಾ?

ಅಲ್ಲ. ಮೊದಲು ತೀರ್ಮಾನಿಸಬೇಕಾದದ್ದು ಬೇರೆ: ನಿಮ್ಮ ಡೇಟಾದಲ್ಲಿ ಯಾವುದು ಒಂದು ಜಾಡು? ಎಲ್ಲಿ ಶುರು, ಎಲ್ಲಿ ಕೊನೆ? ಇದನ್ನು ಯಾವ ಕನ್ವೆನ್ಷನ್ನೂ ನಿಮಗಾಗಿ ತೀರ್ಮಾನಿಸುವುದಿಲ್ಲ. ಇದನ್ನು ಬಿಟ್ಟು ಮುಂದೆ ಹೋದವರು ಆಮೇಲೆ ತುಂಬಾ ಒದ್ದಾಡುತ್ತಾರೆ.

ಒಂದು ಉದಾಹರಣೆ ತೆಗೆದುಕೊಳ್ಳಿ. ಗ್ಲೋಬಲ್ ಡ್ರಿಫ್ಟರ್ ಪ್ರೋಗ್ರಾಂನ ಡ್ರಿಫ್ಟರ್‌ಗಳು ನೀರಿನ ಮೇಲೆ ತೇಲುತ್ತವೆ. ಅವುಗಳ ಕೆಳಗೆ ಸುಮಾರು 15 ಮೀಟರ್ ಆಳದಲ್ಲಿ ಡ್ರೋಗ್ ಎಂಬ ಬಟ್ಟೆಯ ಕೊಳವೆ ನೇತಾಡುತ್ತಿರುತ್ತದೆ. ಅದು ಇರುವ ತನಕ ಡ್ರಿಫ್ಟರ್ ಆ ಆಳದ ಹರಿವಿನ ಜೊತೆ ಸಾಗುತ್ತದೆ. ಕಿತ್ತುಹೋದ ಮೇಲೆ ಗಾಳಿ ಅದನ್ನು ಜಾಸ್ತಿ ತಳ್ಳುತ್ತದೆ. ಉಪಕರಣ ಅದೇ, ನಂಬರ್ ಅದೇ, ಆದರೆ ಡೇಟಾ ಹೇಳುವ ವಿಷಯ ಬೇರೆಯಾಯಿತು. ಇದು ಒಂದು ಜಾಡೋ ಎರಡೋ? ನನ್ನ ಅಭಿಪ್ರಾಯದಲ್ಲಿ ಒಂದೇ ಜಾಡು ಇಟ್ಟುಕೊಂಡು ಡ್ರೋಗ್ ಕಳೆದುಹೋದ ದಿನಾಂಕವನ್ನು ಬೇರೆಯಾಗಿ ದಾಖಲಿಸುವುದು ಒಳ್ಳೆಯದು. ಆ ಕಾರ್ಯಕ್ರಮದ ಡೇಟಾದಲ್ಲೂ ಹಾಗೇ ಮಾಡಿದ್ದಾರೆ. ಬೇಕಾದವರು ಆ ದಿನಾಂಕದಲ್ಲಿ ಕತ್ತರಿಸಿಕೊಳ್ಳಬಹುದು. ಕತ್ತರಿಸಿ ಕೊಟ್ಟದ್ದನ್ನು ಮತ್ತೆ ಹೊಲಿಯುವುದು ಕಷ್ಟ.

ಹಡಗಿನ ವಿಷಯ ಬೇರೆ. ಅದು ಒಂದು ಬಂದರಿನಲ್ಲಿ ಒಂದು ತಿಂಗಳು ನಿಂತು, ಸೆನ್ಸರ್ ಬದಲಾಯಿಸಿಕೊಂಡು, ಮತ್ತೆ ಹೊರಟಿತು ಎಂದುಕೊಳ್ಳಿ. ಅಲ್ಲಿ ಪ್ರತಿ ಪ್ರಯಾಣವೂ ಒಂದು ಜಾಡು ಎನ್ನುವುದೇ ಸರಿ. ಏನು ತೀರ್ಮಾನಿಸಿದರೂ ಎರಡು ವಾಕ್ಯದಲ್ಲಿ ಬರೆದು ಫೈಲಿನ ಸಾರಾಂಶದಲ್ಲಿ ಹಾಕಿ: ಇಲ್ಲಿ ಒಂದು ಜಾಡು ಎಂದರೆ ಇದು, ಹೊಸ ಜಾಡು ಶುರುವಾಗುವುದು ಆಗ. ಆಮೇಲೆ ಬರುವ ಎಷ್ಟೋ ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ.

ಉಪಕರಣದ ನಂಬರನ್ನೇ ಜಾಡಿನ ಐಡಿ ಮಾಡಿದರೆ ಆಗುವುದಿಲ್ಲವೇ?

ಎಲ್ಲರಿಗಿಂತ ಮೊದಲು ಹೊಳೆಯುವ ಉಪಾಯ ಇದು. ಜಾಸ್ತಿ ತೊಂದರೆ ಕೊಡುವುದೂ ಇದೇ. ಪ್ರಯಾಣಿಕ ಬೇರೆ, ಪ್ರಯಾಣ ಬೇರೆ. ಒಬ್ಬನೇ ಪ್ರಯಾಣಿಕ ಹತ್ತು ಸಲ ಹೊರಡಬಹುದು.

ಪ್ರಾಣಿಗಳ ಓಡಾಟ ದಾಖಲಿಸುವವರು ಇದನ್ನು ಚೆನ್ನಾಗಿ ಬಿಡಿಸಿಟ್ಟಿದ್ದಾರೆ. ಮೂವ್‌ಬ್ಯಾಂಕ್ ಎಂಬ ಸಂಗ್ರಹದಲ್ಲಿ ಮೂರು ಸಂಗತಿಗಳು ಬೇರೆ ಬೇರೆ: ಪ್ರಾಣಿ, ಟ್ಯಾಗ್ (ಪ್ರಾಣಿಗೆ ಕಟ್ಟುವ, ಅದರ ಓಡಾಟ ದಾಖಲಿಸುವ ಉಪಕರಣ), ಡಿಪ್ಲಾಯ್‌ಮೆಂಟ್. ಡಿಪ್ಲಾಯ್‌ಮೆಂಟ್ ಅಂದರೆ ಈ ಟ್ಯಾಗ್ ಈ ಪ್ರಾಣಿಯ ಮೇಲೆ ಇದ್ದ ಅವಧಿ. ಒಂದು ಕೊಕ್ಕರೆಯ ಮೇಲಿಂದ ಬಿದ್ದ ಟ್ಯಾಗನ್ನು ಆಯ್ದು ಇನ್ನೊಂದು ಕೊಕ್ಕರೆಗೆ ಕಟ್ಟುತ್ತಾರೆ. ಟ್ಯಾಗ್ ನಂಬರನ್ನೇ ಜಾಡಿನ ಐಡಿ ಮಾಡಿದ್ದರೆ ಎರಡು ಹಕ್ಕಿಗಳ ದಾರಿ ಒಂದಾಗಿಬಿಡುತ್ತಿತ್ತು. ಟ್ಯಾಗ್ ಬಿದ್ದ ಜಾಗದಿಂದ ಮುಂದಿನ ಹಕ್ಕಿ ಹೊರಟ ಜಾಗಕ್ಕೆ ನಕ್ಷೆಯಲ್ಲಿ ಒಂದು ನೇರ ಗೆರೆ. ಇಂಥ ಗೆರೆ ಕಂಡಾಗ ನಾನು ಮೊದಲು ನೋಡುವುದು ಐಡಿಯನ್ನೇ.

ಹಡಗುಗಳಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಎಂಎಂಎಸ್‌ಐ ಎಂಬ 9 ಅಂಕಿಯ ನಂಬರ್ ರೇಡಿಯೋಗೆ ಸೇರಿದ್ದು. ಅದರ ಮೊದಲ ಮೂರು ಅಂಕಿ ದೇಶವನ್ನು ಹೇಳುತ್ತವೆ. ಹಡಗು ಬೇರೆ ದೇಶದ ಧ್ವಜಕ್ಕೆ ಹೋದರೆ ಆ ನಂಬರ್ ಬದಲಾಗುತ್ತದೆ. ರೇಡಿಯೋದಲ್ಲಿ ಹಡಗನ್ನು ಕರೆಯುವ ಗುರುತು, ಅಂದರೆ ಕಾಲ್ ಸೈನ್ ಕೂಡ ಬದಲಾಗುತ್ತದೆ. 7 ಅಂಕಿಯ ಐಎಂಒ ನಂಬರ್ ಮಾತ್ರ ಹೆಸರು, ಮಾಲೀಕ, ಧ್ವಜ ಏನೇ ಬದಲಾದರೂ ಹಡಗಿನ ಜೊತೆಗೇ ಉಳಿಯುತ್ತದೆ. ಹಾಗಾಗಿ ಹಡಗನ್ನು ಗುರುತಿಸಲು ಐಎಂಒ ನಂಬರ್ ಇದ್ದರೆ ಅದನ್ನೇ ಬಳಸಿ. ಆದರೆ ಅದು ಹಡಗಿನ ಗುರುತು, ಪ್ರಯಾಣದ್ದಲ್ಲ. ಜಾಡಿಗೆ ಅದರದ್ದೇ ಐಡಿ ಕೊಡಿ. ಹಡಗಿನ ನಂಬರನ್ನು ಪಕ್ಕದಲ್ಲಿ ಇನ್ನೊಂದು ವೇರಿಯಬಲ್ ಆಗಿ ಇಡಿ. ಸಿಎಫ್‌ನ ಸ್ಟ್ಯಾಂಡರ್ಡ್ ಹೆಸರುಗಳ ಪಟ್ಟಿಯಲ್ಲಿ ಇದಕ್ಕೆಂದೇ ಪ್ಲಾಟ್‌ಫಾರ್ಮ್_ಐಡಿ, ಪ್ಲಾಟ್‌ಫಾರ್ಮ್_ನೇಮ್ ಇವೆ.

ಐಡಿಯೊಳಗೇ ದಿನಾಂಕ, ಜಾಗ ಎಲ್ಲಾ ತುಂಬಿದರೆ ಓದಲು ಸುಲಭ ಅಲ್ವಾ?

ಸುಲಭ, ನಿಜ. ಚಂಡಮಾರುತದವರು ಹಾಗೇ ಮಾಡುತ್ತಾರೆ. ಚಂಡಮಾರುತದ ಹೆಸರನ್ನು ಐಡಿ ಮಾಡಲು ಬರುವುದಿಲ್ಲ. ಅಟ್ಲಾಂಟಿಕ್‌ನ ಹೆಸರುಗಳ ಪಟ್ಟಿ ಆರು ವರ್ಷಕ್ಕೊಮ್ಮೆ ಮರಳಿ ಬರುತ್ತದೆ, ತುಂಬಾ ಹಾನಿ ಮಾಡಿದ ಹೆಸರುಗಳನ್ನಷ್ಟೇ ಕೈಬಿಡುತ್ತಾರೆ. ಹರ್ಡ್ಯಾಟ್ 2 ಎಂಬ ಅಮೆರಿಕದ ದಾಖಲೆಯಲ್ಲಿ ಕತ್ರೀನಾ ಚಂಡಮಾರುತದ ಐಡಿ ಎಎಲ್122005. ಅಂದರೆ ಅಟ್ಲಾಂಟಿಕ್, 12ನೆಯದು, 2005. ಇಡೀ ಜಗತ್ತಿನ ಚಂಡಮಾರುತಗಳನ್ನು ಸೇರಿಸುವ ಐಬಿಟ್ರ್ಯಾಕ್ಸ್‌ನಲ್ಲಿ ವರ್ಷ, ವರ್ಷದ ಎಷ್ಟನೇ ದಿನ, ಉತ್ತರಾರ್ಧವೋ ದಕ್ಷಿಣಾರ್ಧವೋ, ಅಕ್ಷಾಂಶ, ರೇಖಾಂಶ ಇಷ್ಟನ್ನೂ ಸೇರಿಸಿ ಐಡಿ ಕಟ್ಟುತ್ತಾರೆ.

ಅವರದ್ದು ಒಂದೇ ಕೇಂದ್ರದಿಂದ ನಡೆಯುವ ಕೆಲಸ, ನಿಯಮ ಗಟ್ಟಿಯಾಗಿದೆ. ನಿಮ್ಮಲ್ಲಿ ಹಾಗಿಲ್ಲದಿದ್ದರೆ ಎಚ್ಚರ ಬೇಕು. ಐಡಿಯೊಳಗೆ ಬರೆದ ದಿನಾಂಕ ತಪ್ಪು ಎಂದು ಆರು ತಿಂಗಳ ಮೇಲೆ ಗೊತ್ತಾದರೆ? ತಿದ್ದಿದರೆ ಆ ಐಡಿಯನ್ನು ಬಳಸಿದ ಲೇಖನಗಳ ಕೊಂಡಿ ತಪ್ಪುತ್ತದೆ. ತಿದ್ದದಿದ್ದರೆ ಐಡಿ ಸುಳ್ಳು ಹೇಳುತ್ತಾ ಕೂತಿರುತ್ತದೆ. ನಾನು ಶಿಫಾರಸು ಮಾಡುವುದು ಇಷ್ಟು: ಯೋಜನೆಯ ಚಿಕ್ಕ ಗುರುತು, ಆಮೇಲೆ ಒಂದು ಕ್ರಮಸಂಖ್ಯೆ. ಬರೀ 1, 2, 3 ಬೇಡ. ಎಲ್ಲರ ಫೈಲಿನಲ್ಲೂ 1 ಇರುತ್ತದೆ. ಎರಡು ತಂಡಗಳ ಡೇಟಾ ಒಟ್ಟುಗೂಡಿದ ದಿನ ಅದು ಗೊಂದಲ ಎಬ್ಬಿಸುತ್ತದೆ. ಹಲವು ತಂಡಗಳು ಮಾತಾಡಿಕೊಳ್ಳದೆ ಐಡಿ ಸೃಷ್ಟಿಸುವ ಪರಿಸ್ಥಿತಿ ಇದ್ದರೆ ಯುಯುಐಡಿ ಬಳಸಿ. ಅದು ಕಂಪ್ಯೂಟರ್ ಸೃಷ್ಟಿಸುವ ಉದ್ದದ ಗುರುತು. 36 ಅಕ್ಷರ, ಓದಲು ಕಷ್ಟ. ಆದರೆ ಡಿಕ್ಕಿ ಹೊಡೆಯುವುದಿಲ್ಲ.

ಯಾವ ಕ್ಷೇತ್ರಕ್ಕೆ ಯಾವ ಕನ್ವೆನ್ಷನ್?

ನಿಮ್ಮ ಡೇಟಾವನ್ನು ಓದುವವರು ಯಾರು ಎಂದು ಕೇಳಿಕೊಳ್ಳಿ. ಅವರು ಬಳಸುವುದನ್ನೇ ನೀವೂ ಬಳಸಿ.

ಸಮುದ್ರ, ವಾತಾವರಣದ ಡೇಟಾ ನೆಟ್‌ಸಿಡಿಎಫ್ (ವಿಜ್ಞಾನದ ಡೇಟಾ ಇಡುವ ಒಂದು ಬಗೆಯ ಫೈಲ್) ಫೈಲಿನಲ್ಲಿ ಇದ್ದರೆ ಸಿಎಫ್. ಜೊತೆಗೆ ಎಸಿಡಿಡಿ ಸೇರಿಸಿ. ಸಿಎಫ್ ಹೇಳುವುದು ಸಂಖ್ಯೆಗಳ ಅರ್ಥವನ್ನು. ಎಸಿಡಿಡಿ ಹೇಳುವುದು ಇಡೀ ಡೇಟಾಸೆಟ್ಟನ್ನು ಹುಡುಕಲು ಬೇಕಾದದ್ದನ್ನು: ಶೀರ್ಷಿಕೆ, ಸಾರಾಂಶ, ಕೀಲಿಪದ, ಯಾವ ಜಾಗದಿಂದ ಯಾವ ಜಾಗದವರೆಗೆ, ಯಾವ ದಿನದಿಂದ ಯಾವ ದಿನದವರೆಗೆ. ಎರಡೂ ಒಂದೇ ಫೈಲಿನಲ್ಲಿ ಜಗಳವಿಲ್ಲದೆ ಇರುತ್ತವೆ. ಕನ್ವೆನ್ಷನ್ಸ್ ಎಂಬ ಆಟ್ರಿಬ್ಯೂಟ್‌ನಲ್ಲಿ ಎರಡರ ಹೆಸರನ್ನೂ ಆವೃತ್ತಿ ಸಮೇತ ಬರೆಯಬಹುದು. ಆವೃತ್ತಿ ಬಿಡಬೇಡಿ. ಸಿಎಫ್‌ಗೆ ಜಾಡಿನ ನಿಯಮಗಳು ಬಂದದ್ದೇ 2011ರ 1.6ನೇ ಆವೃತ್ತಿಯಲ್ಲಿ.

ಜೀವಿಗಳ ಡೇಟಾ ಆದರೆ ಡಾರ್ವಿನ್ ಕೋರ್ ಎಂಬ ಪದಪಟ್ಟಿ ಮತ್ತು ಮೂವ್‌ಬ್ಯಾಂಕ್‌ನ ಪದಗಳು. ಜಿಐಎಸ್ (ಕಂಪ್ಯೂಟರ್ ನಕ್ಷೆಗಳು) ಮತ್ತು ವಾಹನಗಳ ಕಡೆ, ನಕ್ಷೆ ಡೇಟಾಕ್ಕೆ ನಿಯಮ ರೂಪಿಸುವ ಓಜಿಸಿ ಸಂಸ್ಥೆಯ ಮೂವಿಂಗ್ ಫೀಚರ್ಸ್ ಇದೆ. ಅಣುಗಳ ಸಿಮ್ಯುಲೇಶನ್ ಮಾಡುವವರೂ ಟ್ರಾಜೆಕ್ಟರಿ ಎಂಬ ಪದವನ್ನೇ ಬಳಸುತ್ತಾರೆ. ಅವರಿಗೆ ಅಕ್ಷಾಂಶ ರೇಖಾಂಶ ಬೇಕಿಲ್ಲ. ಬಾಕ್ಸಿನ ಅಳತೆ ಬೇಕು, ಕಣಗಳ ಪಟ್ಟಿ ಬೇಕು. ಅವರಿಗೆ ಎಚ್5ಎಂಡಿಯಂಥ ಪದ್ಧತಿಗಳಿವೆ. ಸಿಎಫ್ ಅವರಿಗಲ್ಲ.

ಸಿಎಫ್‌ನಲ್ಲಿ ಇದು ಜಾಡು ಎಂದು ಹೇಳುವುದು ಹೇಗೆ?

ಮೂರು ಕೆಲಸ ಮಾಡಬೇಕು.

ಮೊದಲನೆಯದು ಫೈಲಿನ ಮಟ್ಟದ ಫೀಚರ್‌ಟೈಪ್ ಆಟ್ರಿಬ್ಯೂಟ್. ಅದರ ಬೆಲೆ ಟ್ರಾಜೆಕ್ಟರಿ. ಸಿಎಫ್‌ನಲ್ಲಿ ಇಂಥ ಆರು ಬಗೆಗಳಿವೆ: ಪಾಯಿಂಟ್, ಟೈಮ್‌ಸೀರೀಸ್, ಟ್ರಾಜೆಕ್ಟರಿ, ಪ್ರೊಫೈಲ್, ಟೈಮ್‌ಸೀರೀಸ್‌ಪ್ರೊಫೈಲ್, ಟ್ರಾಜೆಕ್ಟರಿಪ್ರೊಫೈಲ್. ಒಂದು ಫೈಲಿನಲ್ಲಿ ಒಂದೇ ಬಗೆ ಇರಬೇಕು.

ಎರಡನೆಯದು ಐಡಿ ಇರುವ ವೇರಿಯಬಲ್. ಅದಕ್ಕೆ ನಿಮಗೆ ಇಷ್ಟ ಬಂದ ಹೆಸರಿಡಬಹುದು. ಆದರೆ ಅದರ ಮೇಲೆ ಸಿಎಫ್_ರೋಲ್ ಎಂಬ ಆಟ್ರಿಬ್ಯೂಟ್ ಹಾಕಿ ಟ್ರಾಜೆಕ್ಟರಿ_ಐಡಿ ಎಂದು ಬರೆಯಬೇಕು. ಓದುವ ತಂತ್ರಾಂಶ ನೋಡುವುದು ಇದನ್ನು, ನಿಮ್ಮ ವೇರಿಯಬಲ್‌ನ ಹೆಸರನ್ನಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ. ವೇರಿಯಬಲ್‌ಗೆ ಟ್ರಾಜೆಕ್ಟರಿ ಎಂದು ಹೆಸರಿಟ್ಟರೆ ಆಯಿತು ಅಂದುಕೊಳ್ಳುತ್ತಾರೆ. ಆಗಲಿಲ್ಲ. ಆ ವೇರಿಯಬಲ್‌ನಲ್ಲಿ ಪ್ರತಿ ಜಾಡಿಗೂ ಬೇರೆ ಬೇರೆ ಬೆಲೆ ಇರಬೇಕು ಎಂಬುದೂ ನಿಯಮ.

ಮೂರನೆಯದು ಅಳತೆಗಳ ಮೇಲೆ ಕೋಆರ್ಡಿನೇಟ್ಸ್ ಆಟ್ರಿಬ್ಯೂಟ್. ಈ ಉಷ್ಣಾಂಶ ಯಾವ ಸಮಯ, ಅಕ್ಷಾಂಶ, ರೇಖಾಂಶ, ಆಳಕ್ಕೆ ಸೇರಿದ್ದು ಎಂದು ಅದು ಹೇಳುತ್ತದೆ. ಇದಿಲ್ಲದಿದ್ದರೆ ಸಂಖ್ಯೆಗಳು ಸುಮ್ನೆ ಸಂಖ್ಯೆಗಳಾಗಿ ಉಳಿಯುತ್ತವೆ.

ಉದ್ದ ಬೇರೆ ಬೇರೆ ಇರುವ ನೂರಾರು ಜಾಡುಗಳನ್ನು ಒಂದು ಫೈಲಿನಲ್ಲಿ ಇಡುವುದು ಹೇಗೆ?

ಸಿಎಫ್ ಮೂರು ದಾರಿ ಕೊಡುತ್ತದೆ.

ಒಂದು, ಚೌಕದ ಟೇಬಲ್. ಸಾಲಿಗೊಂದು ಜಾಡು, ಚಿಕ್ಕ ಜಾಡುಗಳ ಕೊನೆಗೆ ಖಾಲಿ ಬೆಲೆ. ಲೆಕ್ಕ ಹಾಕಿ ನೋಡಿ. 1000 ಜಾಡುಗಳಿವೆ, ಅತಿ ಉದ್ದದ್ದರಲ್ಲಿ 10,000 ಬಿಂದು, ಸರಾಸರಿ 1000 ಬಿಂದು. ಟೇಬಲ್‌ನಲ್ಲಿ 1 ಕೋಟಿ ಮನೆಗಳು, ತುಂಬಿದ್ದು 10 ಲಕ್ಷ. ಹತ್ತರಲ್ಲಿ ಒಂಬತ್ತು ಪಾಲು ಖಾಲಿ.

ಎರಡು, ಎಲ್ಲಾ ಜಾಡುಗಳನ್ನು ಒಂದರ ಹಿಂದೆ ಒಂದರಂತೆ ಒಂದೇ ಉದ್ದ ಸಾಲಿನಲ್ಲಿ ಇಡುವುದು. ಯಾವ ಜಾಡಿಗೆ ಎಷ್ಟು ಬಿಂದು ಎಂದು ಒಂದು ಎಣಿಕೆಯ ವೇರಿಯಬಲ್ ಹೇಳುತ್ತದೆ, ಅದರ ಮೇಲೆ ಸ್ಯಾಂಪಲ್_ಡೈಮೆನ್ಷನ್ ಆಟ್ರಿಬ್ಯೂಟ್ ಇರುತ್ತದೆ. ಗ್ಲೋಬಲ್ ಡ್ರಿಫ್ಟರ್ ಪ್ರೋಗ್ರಾಂನ ಗಂಟೆ ಗಂಟೆಯ ಡೇಟಾ ಹೀಗೇ ಇದೆ, ಎಣಿಕೆಯ ವೇರಿಯಬಲ್‌ಗೆ ಅಲ್ಲಿ ರೋಸೈಜ್ ಎಂದು ಹೆಸರು.

ಮೂರು, ಬಿಂದುಗಳು ಬಂದ ಕ್ರಮದಲ್ಲೇ ಬರೆದು, ಪ್ರತಿ ಬಿಂದುವಿನ ಪಕ್ಕ ಅದು ಎಷ್ಟನೇ ಜಾಡಿಗೆ ಸೇರಿದ್ದು ಎಂದು ಬರೆಯುವುದು. ಆ ಸೂಚಿಯ ಮೇಲೆ ಇನ್‌ಸ್ಟನ್ಸ್_ಡೈಮೆನ್ಷನ್ ಆಟ್ರಿಬ್ಯೂಟ್. ಎಣಿಕೆ ಸೊನ್ನೆಯಿಂದ ಶುರು, ಮರೆಯಬೇಡಿ.

ಡೇಟಾ ಇನ್ನೂ ಬರುತ್ತಿದೆ, ಹತ್ತಾರು ಉಪಕರಣಗಳಿಂದ ಬೆರೆತು ಬರುತ್ತಿದೆ ಅಂದರೆ ಮೂರನೆಯದು. ಸಂಗ್ರಹ ಮುಗಿದು ಶಾಶ್ವತವಾಗಿ ಇಡುವಾಗ ಎರಡನೆಯದು. ಮೊದಲನೆಯದು ಜಾಡುಗಳು ಸುಮಾರು ಒಂದೇ ಉದ್ದ ಇದ್ದಾಗ ಮಾತ್ರ.

ಬಲೂನಿನ ಡೇಟಾ ಜಾಡೋ ಪ್ರೊಫೈಲೋ? ಆರ್ಗೋ ಫ್ಲೋಟ್ ಯಾವುದು?

ಪ್ರೊಫೈಲ್ ಅಂದರೆ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಮೇಲಿಂದ ಕೆಳಗಿನವರೆಗೆ ಅಳೆದದ್ದು ಎಂದು ಸಿಎಫ್ ಹೇಳುತ್ತದೆ. ಹವಾಮಾನದ ಬಲೂನು ಏರುವಾಗ ಗಾಳಿಯ ಜೊತೆ ಬಹಳ ದೂರ ಸರಿಯುತ್ತದೆ. ಆ ಸರಿದಾಟ ನಿಮ್ಮ ಕೆಲಸಕ್ಕೆ ಮುಖ್ಯವಾದರೆ ಅದನ್ನು ಜಾಡು ಎಂದೇ ಇಡಿ. ಆರ್ಗೋ ಫ್ಲೋಟ್ ಎಂಬ ಸಮುದ್ರದ ಉಪಕರಣ ಸಾಮಾನ್ಯವಾಗಿ 1000 ಮೀಟರ್ ಆಳದಲ್ಲಿ ತೇಲುತ್ತಾ, ಸುಮಾರು 10 ದಿನಕ್ಕೊಮ್ಮೆ 2000 ಮೀಟರಿಗೆ ಇಳಿದು ಅಳೆಯುತ್ತಾ ಮೇಲೆ ಬರುತ್ತದೆ. ಜಾಡಿನ ಉದ್ದಕ್ಕೂ ಪ್ರೊಫೈಲುಗಳು. ಟ್ರಾಜೆಕ್ಟರಿಪ್ರೊಫೈಲ್ ಇರುವುದು ಇಂಥದ್ದಕ್ಕೇ. ಅಲ್ಲಿ ಜಾಡಿಗೊಂದು, ಪ್ರೊಫೈಲಿಗೊಂದು ಎಂದು ಎರಡು ಐಡಿ ಇಡಬಹುದು.

ಸಮಯವನ್ನು ಹೇಗೆ ಬರೆಯಲಿ?

ಯೂನಿಟ್ಸ್ ಆಟ್ರಿಬ್ಯೂಟ್‌ನಲ್ಲಿ "ಇಂಥ ದಿನದಿಂದ ಇಷ್ಟು ಸೆಕೆಂಡ್" ಎಂಬ ರೀತಿ. 1970ರ ಜನವರಿ 1ರಿಂದ ಎಣಿಸುವವರು ಜಾಸ್ತಿ. ಆರ್ಗೋದವರು 1950ರ ಜನವರಿ 1ರಿಂದ ದಿನಗಳಲ್ಲಿ ಎಣಿಸುತ್ತಾರೆ. ಯಾವುದಾದರೂ ಸರಿ, ಬರೆದಿಟ್ಟರಾಯಿತು.

ತೊಂದರೆ ಇರುವುದು ಡೇಟಾ ಟೈಪಿನಲ್ಲಿ. ಜಾಗ ಉಳಿಸಲು 32 ಬಿಟ್ ಫ್ಲೋಟ್‌ನಲ್ಲಿ ಸಮಯ ಬರೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. 1970ರಿಂದ ಸೆಕೆಂಡ್ ಎಣಿಸಿದರೆ 2004ರ ಈಚಿನ ಸಮಯಗಳು ಆ ಟೈಪಿನಲ್ಲಿ 128 ಸೆಕೆಂಡಿನ ಹೆಜ್ಜೆಗಳಲ್ಲಿ ಮಾತ್ರ ಕೂರುತ್ತವೆ. ನಿಮಿಷಕ್ಕೊಂದು ಬಿಂದು ಇದ್ದರೆ ಎರಡು ಬಿಂದುಗಳಿಗೆ ಒಂದೇ ಸಮಯ ಬಂತು. ಜಾಡಿನ ಕ್ರಮವೇ ಹಾಳು. 64 ಬಿಟ್ ಬಳಸಿ.

ಇನ್ನೊಂದು: ಯುಟಿಸಿಯೋ (ಜಗತ್ತಿನ ಗಡಿಯಾರಗಳಿಗೆ ಆಧಾರವಾದ ಸಮಯ) ಜಿಪಿಎಸ್ ಸಮಯವೋ ಹೇಳಿ. 2017ರಿಂದ ಇವೆರಡರ ನಡುವೆ 18 ಸೆಕೆಂಡ್ ಅಂತರ ಇದೆ. ಸೆಕೆಂಡಿಗೆ 250 ಮೀಟರ್ ಹಾರುವ ವಿಮಾನಕ್ಕೆ ಅದು ನಾಲ್ಕೂವರೆ ಕಿಲೋಮೀಟರ್ ತಪ್ಪು.

ಜಾಗದ ವಿಷಯದಲ್ಲಿ ಏನು ಮರೆಯಬಾರದು?

ರೇಖಾಂಶ −180ರಿಂದ 180ರವರೆಗೋ, 0ಯಿಂದ 360ರವರೆಗೋ? ಒಂದನ್ನೇ ಹಿಡಿಯಿರಿ. ಪೆಸಿಫಿಕ್ ದಾಟುವ ಜಾಡುಗಳಿಗೆ ಎರಡನೆಯದು ಅನುಕೂಲ. ಡೇಟಮ್, ಅಂದರೆ ಅಕ್ಷಾಂಶ ರೇಖಾಂಶಕ್ಕೆ ಆಧಾರವಾದ ಭೂಮಿಯ ಮಾದರಿ, ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್84 ಆಗಿದ್ದರೂ ಬರೆಯಿರಿ. ಆಳವಾದರೆ ಪಾಸಿಟಿವ್ ಆಟ್ರಿಬ್ಯೂಟ್‌ನಲ್ಲಿ ಡೌನ್, ಎತ್ತರವಾದರೆ ಅಪ್. ಇದಿಲ್ಲದೆ ಮೀನು ಆಕಾಶದಲ್ಲಿ ಈಜಿದ ನಕ್ಷೆಗಳು ಬರುತ್ತವೆ. ಜಾಗದ ಅನಿಶ್ಚಿತತೆ ಗೊತ್ತಿದ್ದರೆ ಅದನ್ನೂ ಮೀಟರಿನಲ್ಲಿ ಕೊಡಿ. ಡಾರ್ವಿನ್ ಕೋರ್‌ನಲ್ಲಿ ಅದಕ್ಕೆಂದೇ ಒಂದು ಪದ ಇದೆ.

ನಮ್ಮಲ್ಲಿ ಬರೀ ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸಾದಾ ಟೇಬಲ್ ಫೈಲ್) ಇದೆ. ಇದೆಲ್ಲಾ ನಮಗೆ ಬೇಕಾ?

ಬೇಕು. ಪ್ರತಿ ಸಾಲಿನಲ್ಲೂ ಜಾಡಿನ ಐಡಿಯ ಕಾಲಂ ಇರಲಿ. ಕಾಲಂಗಳ ಅರ್ಥ ಮತ್ತು ಯೂನಿಟ್ ಹೇಳುವ ಇನ್ನೊಂದು ಚಿಕ್ಕ ಫೈಲ್ ಜೊತೆಗಿರಲಿ. ಜಾಡುಗಳ ಪಟ್ಟಿಯೇ ಮೂರನೆಯ ಫೈಲ್: ಐಡಿ, ಪ್ರಾಣಿ ಅಥವಾ ಹಡಗು, ಶುರು, ಕೊನೆ.

ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು ಉಳಿಸುವಾಗ ಜೋಪಾನ. ಐಡಿ 0042 ಇದ್ದದ್ದು 42 ಆಗುತ್ತದೆ. ಅಂಕಿಗಳ ನಡುವೆ ಇಂಗ್ಲಿಷ್ ಇ ಅಕ್ಷರ ಇದ್ದರೆ ಅದನ್ನು ಘಾತ ಎಂದುಕೊಂಡು ಬೇರೆ ಸಂಖ್ಯೆ ಮಾಡಿಬಿಡುತ್ತದೆ. 15 ಅಂಕಿಗಿಂತ ಉದ್ದದ ಐಡಿಯ ಕೊನೆ ಸೊನ್ನೆಗಳಾಗುತ್ತದೆ. ಜೀನ್‌ಗಳ ಹೆಸರುಗಳು ಹೀಗೆ ದಿನಾಂಕಗಳಾಗಿ ಬದಲಾಗಿ ಬದಲಾಗಿ, ಕೊನೆಗೆ ಜೀನ್‌ಗಳಿಗೆ ಹೆಸರಿಡುವ ಸಮಿತಿ 2020ರಲ್ಲಿ ತನ್ನ ನಿಯಮಗಳಲ್ಲೇ ಇದನ್ನು ಗಮನಕ್ಕೆ ತೆಗೆದುಕೊಂಡಿತು. ಮಾರ್ಚ್1 ಎಂಬ ಜೀನ್ ಮಾರ್ಚ್‌ಎಫ್1 ಆಯಿತು. ಐಡಿ ಒಂದು ಅಕ್ಷರದಿಂದ ಶುರುವಾದರೆ ಈ ಕಾಟ ತುಂಬಾ ಕಡಿಮೆ.

ಸಿಗ್ನಲ್ ಕೆಲವು ಗಂಟೆ ಸಿಗಲಿಲ್ಲ. ಹೊಸ ಐಡಿ ಕೊಡಲೇ?

ಬೇಡ. ಪ್ರಯಾಣ ಮುಗಿದಿಲ್ಲ, ನಮಗೆ ಕಾಣಿಸಲಿಲ್ಲ ಅಷ್ಟೇ. ಜಿಪಿಎಸ್ ದಾರಿಗಳನ್ನು ಇಡುವ ಜಿಪಿಎಕ್ಸ್ ಫೈಲಿನಲ್ಲಿ ಇದಕ್ಕೆ ಒಳ್ಳೆಯ ಏರ್ಪಾಡು ಇದೆ: ಒಂದು ಟ್ರ್ಯಾಕ್, ಅದರೊಳಗೆ ಹಲವು ಸೆಗ್ಮೆಂಟ್. ನೀವೂ ತುಂಡಿನ ಸಂಖ್ಯೆಗೆ ಇನ್ನೊಂದು ವೇರಿಯಬಲ್ ಇಡಿ. ನಡುವಿನ ಬಿಂದುಗಳನ್ನು ಲೆಕ್ಕ ಹಾಕಿ ತುಂಬಿದ್ದರೆ ಅವು ಅಳೆದದ್ದಲ್ಲ ಎಂದು ಗುರುತು ಹಾಕಲೇಬೇಕು.

ಅನುಮಾನದ ಬಿಂದುಗಳನ್ನು ತೆಗೆದುಹಾಕಬಹುದೇ?

ತೆಗೆಯಬೇಡಿ, ಗುರುತು ಹಾಕಿ. ಆರ್ಗೋದಲ್ಲಿ 1 ಅಂದರೆ ಒಳ್ಳೆಯದು, 4 ಅಂದರೆ ಕೆಟ್ಟದ್ದು. ಸಿಎಫ್‌ನಲ್ಲಿ ಫ್ಲ್ಯಾಗ್_ವ್ಯಾಲ್ಯೂಸ್, ಫ್ಲ್ಯಾಗ್_ಮೀನಿಂಗ್ಸ್ ಎಂಬ ಜೋಡಿ ಆಟ್ರಿಬ್ಯೂಟ್‌ಗಳಲ್ಲಿ ಪ್ರತಿ ಅಂಕಿಯ ಅರ್ಥವನ್ನು ಫೈಲಿನೊಳಗೇ ಬರೆಯಬಹುದು.

ಅಳಿವಿನಂಚಿನ ಪ್ರಾಣಿಯ ಜಾಡನ್ನೂ ಪೂರ್ತಿ ತೋರಿಸಬೇಕೇ?

ಖಂಡಿತಾ ಬೇಡ. ಬೇಟೆಗಾರರಿಗೆ ನೀವೇ ದಾರಿ ತೋರಿಸಿದಂತೆ ಆಗುತ್ತದೆ. ಜಾಗವನ್ನು ಒರಟಾಗಿಸಿ, ಇಲ್ಲವೇ ತಡಮಾಡಿ ಬಿಡುಗಡೆ ಮಾಡಿ. ಆದರೆ ಹಾಗೆ ಮಾಡಿದ್ದನ್ನು ಮುಚ್ಚಿಡಬೇಡಿ. ಏನನ್ನು ಒರಟಾಗಿಸಿದೆ, ಏನನ್ನು ತಡೆದಿಟ್ಟಿದೆ ಎಂದು ಹೇಳಲು ಡಾರ್ವಿನ್ ಕೋರ್‌ನಲ್ಲಿ ಎರಡು ಬೇರೆ ಪದಗಳಿವೆ. ಎರಡನ್ನೂ ತುಂಬಿ.

ನಮಗೆ ಬೇಕಾದ ಆಟ್ರಿಬ್ಯೂಟ್ ಕನ್ವೆನ್ಷನ್‌ನಲ್ಲಿ ಇಲ್ಲ. ಹೊಸದು ಸೇರಿಸಬಹುದೇ?

ಸೇರಿಸಬಹುದು. ಸಿಎಫ್ ಅದನ್ನು ತಡೆಯುವುದಿಲ್ಲ. ಇರುವ ಹೆಸರಿಗೆ ಬೇರೆ ಅರ್ಥ ಕೊಡಬೇಡಿ, ಅಷ್ಟೇ.

ಹಳೆಯ ಡೇಟಾದ ಐಡಿಗಳು ಕೆಟ್ಟದಾಗಿವೆ. ಬದಲಾಯಿಸಲೇ?

ಯಾರೂ ಬಳಸಿಲ್ಲ ಅಂದರೆ ಬದಲಾಯಿಸಿ. ಒಮ್ಮೆ ಹಂಚಿದ್ದರೆ ಹಳೆಯದನ್ನು ಅಳಿಸಬೇಡಿ. ಹೊಸ ಐಡಿಯ ಪಕ್ಕದಲ್ಲಿ ಹಳೆಯದಕ್ಕೂ ಒಂದು ವೇರಿಯಬಲ್ ಇಡಿ. ಹಿಸ್ಟರಿ ಆಟ್ರಿಬ್ಯೂಟ್‌ನಲ್ಲಿ ಯಾವಾಗ, ಯಾಕೆ ಬದಲಾಯಿಸಿದಿರಿ ಎಂದು ಬರೆಯಿರಿ. ಒಮ್ಮೆ ಕೊಟ್ಟು ರದ್ದು ಮಾಡಿದ ಐಡಿಯನ್ನು ಇನ್ನೊಂದು ಜಾಡಿಗೆ ಯಾವತ್ತೂ ಕೊಡಬೇಡಿ.

ಚೆಕರ್‌ನಲ್ಲಿ ಪಾಸ್ ಆದರೆ ಸಾಕಾ?

ಸಾಲದು. ಫೈಲ್ ನಿಯಮದಂತೆ ಇದೆಯೇ ಎಂದು ನೋಡುವ ತಂತ್ರಾಂಶವೇ ಚೆಕರ್. ಸಿಎಫ್‌ಗೆ ಒಳ್ಳೆಯ ಚೆಕರ್‌ಗಳಿವೆ, ಅವನ್ನು ಓಡಿಸಲೇಬೇಕು. ಆದರೆ ಆಟ್ರಿಬ್ಯೂಟ್ ಇದೆಯೇ, ಯೂನಿಟ್ ಸರಿಯಾಗಿ ಬರೆದಿದೆಯೇ ಎಂಬುದನ್ನು ಅವು ನೋಡುತ್ತವೆ. ಎರಡು ಹಕ್ಕಿಗಳು ಒಂದೇ ಐಡಿಯಲ್ಲಿ ಸೇರಿಕೊಂಡಿರುವುದು ಅವುಗಳಿಗೆ ತಿಳಿಯುವುದಿಲ್ಲ.

ಅದಕ್ಕೆ ನಾನು ಇನ್ನೂ ಎರಡು ಪರೀಕ್ಷೆ ಮಾಡುತ್ತೇನೆ. ಪ್ರತಿ ಐಡಿಯೊಳಗೆ ಪಕ್ಕಪಕ್ಕದ ಬಿಂದುಗಳ ನಡುವಿನ ವೇಗ ಲೆಕ್ಕ ಹಾಕುತ್ತೇನೆ. ಹಡಗು ಗಂಟೆಗೆ 300 ಕಿಲೋಮೀಟರ್ ಓಡಿದ್ದರೆ ಅಲ್ಲಿ ಜಾಡುಗಳು ಬೆರೆತಿವೆ. ಆಮೇಲೆ ಈ ಯೋಜನೆಯ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೆ ಫೈಲ್ ಒಂದನ್ನೇ ಕೊಡುತ್ತೇನೆ. ವಿವರಣೆ ಕೊಡುವುದಿಲ್ಲ. ಇದರಲ್ಲಿ ಎಷ್ಟು ಪ್ರಯಾಣಗಳಿವೆ, ಯಾರು ಹೊರಟದ್ದು, ಯಾವಾಗ ಮುಗಿಯಿತು ಎಂದು ಕೇಳುತ್ತೇನೆ. ಅವರು ನನಗೆ ಫೋನ್ ಮಾಡಿ ಏನಾದರೂ ಕೇಳಿದರೆ, ಆ ಉತ್ತರವನ್ನು ಫೈಲಿನೊಳಗೆ ಬರೆದು ಇನ್ನೊಬ್ಬರಿಗೆ ಕೊಡುತ್ತೇನೆ.